ಹೊರಗಿನದು ಒಳಗಾದಾಗ

ಮಾಂಸವನ್ನು ಕೊಚ್ಚಿದಾಗ ತುಂಡಿನ ಗಾತ್ರ ಚಿಕ್ಕದಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದೆ ಆಗುವ ಬದಲಾವಣೆ ಅದಕ್ಕಿಂತ ದೊಡ್ಡದು: ಒಳಗು ಹೊರಗುಗಳ ಲೆಕ್ಕವೇ ಬೇರೆಯಾಗುತ್ತದೆ. ಇಡೀ ತುಂಡಿನಲ್ಲಿ ಗಾಳಿಗೆ, ಕೈಗೆ, ಕತ್ತಿಗೆ, ಹಲಗೆಗೆ ತಾಗಿರುವುದು ಹೊರಮೈ ಮಾತ್ರ. ಕೈಮಾ ಯಂತ್ರದಿಂದ ಹೊರಬರುವಾಗ ಆ ಹೊರಮೈ ಸಾವಿರಾರು ಚೂರುಗಳಾಗಿ ಇಡೀ ಮುದ್ದೆಯ ತುಂಬ ಹಂಚಿಹೋಗಿರುತ್ತದೆ. ಕೈಮಾದ ಅಡುಗೆ ಯಾವುದೇ ಇರಲಿ, ಅದು ಹೇಗೆ ಕೂಡಿಕೊಳ್ಳುತ್ತದೆ, ಎಷ್ಟು ಹೊತ್ತು ಬೇಯುತ್ತದೆ, ಯಾವಾಗ ತಿನ್ನಲು ಸುರಕ್ಷಿತ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ ಎಂಬುದು ಈ ಅಧ್ಯಾಯದ ವಾದ. ವಾದವನ್ನು ಒರೆಗೆ ಹಚ್ಚಲು ಅಮೆರಿಕದ ಹಿತ್ತಿಲುಗಳಲ್ಲಿ ಹೊಗೆಯ ಒಲೆಯ ಮೇಲೆ ಮಾಡುವ ತಿನಿಸೊಂದನ್ನು ಆರಿಸಿಕೊಳ್ಳೋಣ. ಅಲ್ಲಿನ ಬಾರ್ಬೆಕ್ಯೂ ಬಳಗದಲ್ಲಿ ಅದಕ್ಕೆ ‘ಫ್ಯಾಟಿ’ ಎಂದು ಹೆಸರು. ಹೂರಣ ತುಂಬಿದ ಕೈಮಾ ಸುರುಳಿ ಅದು. ಅದರಲ್ಲಿ ರುಚಿ ಕೊಡುವ ಹೊಗೆ ಹೊರಗಿನಿಂದ ಬರುತ್ತದೆ, ಅಪಾಯ ಒಳಗೆ ಕುಳಿತಿರುತ್ತದೆ, ಕಾವು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಸಾಗಬೇಕಾಗುತ್ತದೆ. ಹಾಗಾಗಿ ಒಳಗು ಹೊರಗುಗಳ ನಂಟನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಾಡುವ ಕ್ರಮ ಸರಳ. ಮಸಾಲೆ ಬೆರೆಸಿದ ಹಂದಿ ಕೈಮಾ ಅಮೆರಿಕದ ಅಂಗಡಿಗಳಲ್ಲಿ ಒಂದು ಪೌಂಡಿನ, ಅಂದರೆ 454 ಗ್ರಾಮಿನ, ಉರುಟು ಪೊಟ್ಟಣಗಳಲ್ಲಿ ಸಿಗುತ್ತದೆ. ಅದನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಲಟ್ಟಣಿಗೆಯಿಂದ ಚೌಕಾಕಾರಕ್ಕೆ ತಟ್ಟಿ, ಚೀಲವನ್ನು ಸೀಳಿ ತೆಗೆದರೆ ಆರೇಳು ಮಿಲಿಮೀಟರ್ ದಪ್ಪದ ಹಾಳೆ ಸಿದ್ಧ. ಅದರ ಮೇಲೆ ಚೀಸ್, ಬಾಡಿಸಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ ಮುಂತಾದ ಹೂರಣ ಹರಡಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಅಂಚುಗಳನ್ನು ಒತ್ತಿ ಮುಚ್ಚುತ್ತಾರೆ. ಬೇಕನ್ ಪಟ್ಟಿಗಳನ್ನು ಅಡ್ಡ ಉದ್ದ ಹೆಣೆದು ಅದರ ಮೈಗೆ ಹೊದಿಸುವುದೂ ಉಂಟು. ಆಮೇಲೆ ಸುಮಾರು 107ರಿಂದ 135 ಡಿಗ್ರಿ ಸೆಲ್ಸಿಯಸ್ ಕಾವಿನ ಸ್ಮೋಕರ್‌ನಲ್ಲಿ ಎರಡು ಮೂರು ಗಂಟೆ ಇಡುತ್ತಾರೆ. ಕ್ಯಾನ್ಸಸ್ ಸಿಟಿಯ ಜೇಸನ್ ಡೇ ಮತ್ತು ಆರನ್ ಕ್ರೋನಿಸ್ಟರ್ 2008ರ ಡಿಸೆಂಬರಿನಲ್ಲಿ ಇದನ್ನೇ ದೊಡ್ಡದಾಗಿಸಿ, ಎರಡು ಪೌಂಡ್ ಇಟಾಲಿಯನ್ ಸಾಸೇಜ್ ಮಾಂಸಕ್ಕೆ ಎರಡು ಪೌಂಡ್ ಬೇಕನ್ ಸೇರಿಸಿ ‘ಬೇಕನ್ ಎಕ್ಸ್‌ಪ್ಲೋಷನ್’ ಎಂದು ಹೆಸರಿಟ್ಟರು. ಮರುತಿಂಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬಗ್ಗೆ ಬರೆದ ಮೇಲೆ ಈ ಬಗೆಯ ಸುರುಳಿ ಬಾರ್ಬೆಕ್ಯೂ ಬಳಗದಾಚೆಗೂ ಹೆಸರಾಯಿತು.

ಮೊದಲು ಅಪಾಯದ ಮಾತು. ಆರೋಗ್ಯವಂತ ಪ್ರಾಣಿಯ ಮಾಂಸಖಂಡದ ಒಳಭಾಗದಲ್ಲಿ ಸೂಕ್ಷ್ಮಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನಿಂದ, ಚರ್ಮದಿಂದ, ಕಸಾಯಿಖಾನೆಯ ಸಲಕರಣೆಗಳಿಂದ ಬರುವ ಬ್ಯಾಕ್ಟೀರಿಯಗಳು ಮೇಲ್ಮೈಯಲ್ಲಿ ಅಂಟಿಕೊಂಡಿರುತ್ತವೆ. ದಪ್ಪ ಗೋಮಾಂಸದ ತುಂಡನ್ನು ಹೊರಗೆ ಚೆನ್ನಾಗಿ ಸುಟ್ಟು ನಡುವೆ ಕೆಂಪಗೆ ಬಿಟ್ಟು ತಿನ್ನುವವರು ನಂಬಿರುವುದು ಇದನ್ನೇ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡುಗಳಿಗೆ 63 ಡಿಗ್ರಿ ಕಾವು ಮತ್ತು ಮೂರು ನಿಮಿಷದ ವಿರಾಮ ಸಾಕು ಎನ್ನುತ್ತದೆ. ಅದೇ ಪ್ರಾಣಿಯ ಅದೇ ಮಾಂಸವನ್ನು ಕೊಚ್ಚಿದರೆ 71 ಡಿಗ್ರಿ ಬೇಕು ಎನ್ನುತ್ತದೆ. ಈ ಎಂಟು ಡಿಗ್ರಿಯ ಅಂತರಕ್ಕೆ ಕಾರಣ ಕೊಚ್ಚಿದ್ದು, ಅಷ್ಟೇ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಇ. ಕೋಲಿ ಓ157:ಎಚ್7 ಎಂಬ ಬ್ಯಾಕ್ಟೀರಿಯ ಅದಕ್ಕೆ ಕಾರಣವಾಗಿತ್ತು. ನೂರಕ್ಕಿಂತ ಕಡಿಮೆ ಜೀವಕೋಶಗಳು ಹೊಟ್ಟೆಗೆ ಹೋದರೂ ಅದು ರೋಗ ತರಬಲ್ಲದು. ಮರುವರ್ಷ, 1994ರಲ್ಲಿ, ಕೊಚ್ಚಿದ ಗೋಮಾಂಸದಲ್ಲಿ ಈ ಬ್ಯಾಕ್ಟೀರಿಯ ಇದ್ದರೆ ಅದನ್ನು ಕಲಬೆರಕೆ ಎಂದೇ ಪರಿಗಣಿಸುವುದಾಗಿ ಅಲ್ಲಿನ ಸರ್ಕಾರ ಘೋಷಿಸಿತು. ಆ ಕಟ್ಟುನಿಟ್ಟು ಮೊದಲು ಬಂದದ್ದು ಕೈಮಾಕ್ಕೆ ಎಂಬುದನ್ನು ಗಮನಿಸಬೇಕು. ಇಡೀ ತುಂಡಿನ ಮೇಲೆ ಕುಳಿತ ಬ್ಯಾಕ್ಟೀರಿಯ ಬೆಂಕಿಗೆ ಮೊದಲು ಸಿಗುತ್ತದೆ. ಕೈಮಾದೊಳಗೆ ಸೇರಿದ್ದು ಕಟ್ಟಕಡೆಗೆ ಸಿಗುತ್ತದೆ.

ಸುರುಳಿ ಈ ತೊಡಕನ್ನು ಇನ್ನೂ ಒಂದು ಸುತ್ತು ಬಿಗಿ ಮಾಡುತ್ತದೆ. ಹಾಳೆ ತಟ್ಟಿದಾಗ ಹೊಸದಾಗಿ ಹುಟ್ಟಿದ ಮೇಲ್ಮೈಯನ್ನು ಸುತ್ತಿ ಮತ್ತೆ ಒಳಕ್ಕೆ ತಳ್ಳುತ್ತೇವೆ. ಅದರ ನಡುವೆ ಇರುವ ಹೂರಣ ತರಕಾರಿಯದ್ದೇ ಆಗಿದ್ದರೂ ಹಸಿ ಮಾಂಸದ ರಸವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹೂರಣ ಮೊದಲೇ ಬೆಂದಿದೆ ಎಂಬ ಸಮಾಧಾನ ಸಾಲದು. ಮಾಂಸದ ಜೊತೆ ಅದೂ ಮತ್ತೊಮ್ಮೆ ಪೂರ್ತಿ ಬಿಸಿಯಾಗಬೇಕು. ತುಂಬಿದ ಮಾಂಸಕ್ಕೆ ಅಮೆರಿಕದ ಆಹಾರ ನಿಯಮಾವಳಿ ಗೊತ್ತುಮಾಡಿರುವ ಮಿತಿ 74 ಡಿಗ್ರಿ. ಇಡೀ ತುಂಡಿಗೆ 63, ಕೊಚ್ಚಿದ್ದಕ್ಕೆ 71, ತುಂಬಿದ್ದಕ್ಕೆ 74 ಎಂಬ ಈ ಏಣಿಯಲ್ಲಿ ಪ್ರತಿ ಮೆಟ್ಟಿಲೂ ಹೊರಗಿನದು ಎಷ್ಟು ಒಳಗೆ ಹೋಯಿತು ಎಂಬುದರ ಅಳತೆ.

ಇನ್ನು ಕೂಡಿಕೊಳ್ಳುವ ಮಾತು. ಚೂರುಚೂರಾದ ಮಾಂಸ ಮತ್ತೆ ಒಂದೇ ತುಂಡಿನಂತೆ ನಿಲ್ಲಲು ಕಾರಣ ಮಯೋಸಿನ್ ಎಂಬ ಪ್ರೋಟೀನು. ಸ್ನಾಯುವಿನ ನಾರುಗಳಲ್ಲಿ ಕಟ್ಟಿಬಿದ್ದಿರುವ ಅದು ಶುದ್ಧ ನೀರಿಗೆ ಬಿಡುವುದಿಲ್ಲ, ಉಪ್ಪುನೀರಿಗೆ ಬಿಡುತ್ತದೆ. ಮಾಂಸದ ತೂಕಕ್ಕೆ ಶೇಕಡ ಒಂದೂವರೆ ಎರಡರಷ್ಟು ಉಪ್ಪು ಹಾಕಿ ನಾದಿದರೆ ಕೊಯ್ದ ಮೈಗಳಿಂದ ಮಯೋಸಿನ್ ಕರಗಿ ಬಂದು, ಕೈಗೆ ಅಂಟಂಟಾದ ಲೇಪವಾಗುತ್ತದೆ. ಕಾವು 50 ಡಿಗ್ರಿ ದಾಟುತ್ತ ಹೋದಂತೆ ಆ ಲೇಪ ಗಟ್ಟಿಯಾಗಿ, ಕೊಬ್ಬನ್ನೂ ನೀರನ್ನೂ ಹಿಡಿದಿಡುವ ಜಾಲವಾಗುತ್ತದೆ. ಇಲ್ಲಿಯೂ ಕೆಲಸ ಮಾಡುತ್ತಿರುವುದು ಕೊಚ್ಚಿದಾಗ ಹುಟ್ಟಿದ ಹೊಸ ಮೇಲ್ಮೈಯೇ; ಅಪಾಯವನ್ನು ಒಳಗೆ ತಂದದ್ದೇ ಬೆಸುಗೆಯನ್ನೂ ತಂದಿದೆ. ನಾದುವಾಗ ಮಾಂಸ ತಣ್ಣಗಿರಬೇಕು ಎಂಬ ಕಟ್ಟಳೆಯ ಕಾರಣವೂ ಇದೇ. ಹಂದಿಕೊಬ್ಬು ಬೆಚ್ಚಗಾದರೆ ಮೆತ್ತಗಾಗಿ ಚೂರುಗಳ ಮೈಗೆಲ್ಲ ಬಳಿದುಕೊಳ್ಳುತ್ತದೆ, ಮಯೋಸಿನ್ ಮಯೋಸಿನ್ನಿಗೆ ತಾಗದಂತೆ ಅಡ್ಡ ನಿಲ್ಲುತ್ತದೆ. ಆಗ ಬೆಂದ ಸುರುಳಿ ಕೊಯ್ಯುವಾಗ ಉದುರುತ್ತದೆ, ಕೊಬ್ಬು ಹೊರಗೆ ಹರಿದುಹೋಗುತ್ತದೆ. ನಮ್ಮ ಹಳೇ ಮೈಸೂರು ಕಡೆಯ ಕೈಮಾ ಉಂಡೆ ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಿಡಿಸುತ್ತದೆ. ಅಲ್ಲಿ ಕೈಮಾಕ್ಕೆ ಹುರಿಗಡಲೆಯ ಪುಡಿಯನ್ನೂ ರುಬ್ಬಿದ ಮಸಾಲೆಯನ್ನೂ ಸೇರಿಸಿ ಉಂಡೆ ಕಟ್ಟಿ ಕುದಿಯುವ ಸಾರಿಗೆ ಬಿಡುತ್ತಾರೆ. ಹುರಿಗಡಲೆ ಮಾಂಸದ ನೀರನ್ನು ಹೀರಿ ಹಿಡಿಯುತ್ತದೆ, ಉಂಡೆ ಒಡೆಯುವುದಿಲ್ಲ. ಫ್ಯಾಟಿಯಲ್ಲಿ ಹಿಟ್ಟಿಲ್ಲ, ಉಪ್ಪು ಮತ್ತು ನಾದುವಿಕೆಯ ಮೇಲೆಯೇ ಅದರ ಭಾರವೆಲ್ಲ.

ಹೂರಣದ ಆಯ್ಕೆಯೂ ಇದೇ ತರ್ಕಕ್ಕೆ ಒಳಪಟ್ಟಿದೆ. ಬೇಯುವಾಗ ಪ್ರೋಟೀನುಗಳು ಕುಗ್ಗಿ ಮಾಂಸದ ಹಾಳೆ ಬಿಗಿಯಾಗುತ್ತದೆ, ಒಳಗಿನದನ್ನು ಒತ್ತುತ್ತದೆ. ಹಸಿ ಟೊಮೆಟೊ, ಹಸಿ ಅಣಬೆಯಂಥವು ಆ ಹೊತ್ತಿಗೆ ನೀರು ಬಿಟ್ಟರೆ ಪದರಗಳ ನಡುವೆ ಮಯೋಸಿನ್ ಅಂಟು ಹಿಡಿಯುವುದಿಲ್ಲ. ತರಕಾರಿಯನ್ನು ಮೊದಲೇ ಬಾಡಿಸಿ, ಆರಿಸಿ, ತಣ್ಣಗಾದ ಮೇಲೆ ಹಾಕಬೇಕು ಎನ್ನುವುದು ಅದಕ್ಕೇ. ಚೀಸ್ ಕೂಡ ಎಲ್ಲವೂ ಒಂದೇ ಅಲ್ಲ. ರೆನೆಟ್ ಕಿಣ್ವ ಹಾಕಿ ಒಡೆಸಿದ ಚೆಡ್ಡರ್, ಮೊಝರೆಲ್ಲಾದಂಥವುಗಳಲ್ಲಿ ಕೇಸೀನ್ ಪ್ರೋಟೀನುಗಳನ್ನು ಕ್ಯಾಲ್ಸಿಯಂ ಬೆಸೆದಿರುತ್ತದೆ. ಕಾವಿಗೆ ಆ ಬೆಸುಗೆ ಸಡಿಲಿ ಚೀಸ್ ಹರಿಯುತ್ತದೆ, ಸುರುಳಿಯ ಬಾಯಿ ಸರಿಯಾಗಿ ಮುಚ್ಚಿರದಿದ್ದರೆ ಹೊರಗೂ ಹರಿಯುತ್ತದೆ. ನಿಂಬೆರಸ ಹಿಂಡಿ ಒಡೆಸಿದ ಪನೀರಿನಲ್ಲಿ ಹುಳಿ ಆ ಕ್ಯಾಲ್ಸಿಯಮ್ಮನ್ನು ಕರಗಿಸಿ ತೆಗೆದಿರುತ್ತದೆ, ಪ್ರೋಟೀನುಗಳು ನೇರವಾಗಿ ಒಂದನ್ನೊಂದು ಹಿಡಿದಿರುತ್ತವೆ. ಆದ್ದರಿಂದ ಎಷ್ಟು ಕಾಯಿಸಿದರೂ ಅದು ಕರಗದೆ ನಿಲ್ಲುತ್ತದೆ. ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದನ್ನು ಮಾಡಹೊರಟ ಕನ್ನಡಿಗರಿಗೆ ಪನೀರು ಒಳ್ಳೆಯ ಹೂರಣವೇ. ಆದರೆ ಕೊಯ್ದಾಗ ನೂಲೆಳೆಯಂತೆ ಜಗ್ಗುವ ಚೀಸನ್ನು ಅದರಿಂದ ನಿರೀಕ್ಷಿಸಬಾರದು.

ಈಗ ಕಾವಿನ ನಡಿಗೆ. ಮಾಂಸ ಬಹುಪಾಲು ನೀರು ಮತ್ತು ಪ್ರೋಟೀನು, ಎರಡೂ ಕಾವನ್ನು ನಿಧಾನವಾಗಿ ದಾಟಿಸುತ್ತವೆ. ಮಾಂಸದಲ್ಲಿ ಕಾವು ಹರಡುವ ದರ ಸೆಕೆಂಡಿಗೆ ಸುಮಾರು 0.13 ಚದರ ಮಿಲಿಮೀಟರ್. ಅಳತೆಯ ಘಟಕದಲ್ಲಿಯೇ ‘ಚದರ’ ಇದೆ. ಕಾವು ಮೈಯಿಂದ ನಡುವಿಗೆ ತಲುಪಲು ಬೇಕಾದ ಹೊತ್ತು ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅದರ ಅರ್ಥ. ಸುರುಳಿಯ ವ್ಯಾಸ 7 ಸೆಂಟಿಮೀಟರಿನಿಂದ 10ಕ್ಕೆ ಏರಿದರೆ ಒಳಗಿನ ಪಯಣದ ಹೊತ್ತು ದುಪ್ಪಟ್ಟಾಗುತ್ತದೆ. ಸ್ಮೋಕರ್‌ನ ಗಾಳಿಯಿಂದ ಮಾಂಸದ ಮೈಗೆ ಕಾವು ದಾಟುವುದೂ ನಿಧಾನವೇ, ಆ ಪಾಲು ಮಾತ್ರ ದಪ್ಪದ ನೇರ ಅನುಪಾತದಲ್ಲಿ ಏರುತ್ತದೆ. ಆದ್ದರಿಂದ ವಾಸ್ತವದಲ್ಲಿ ಹೊತ್ತು ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನ ನಡುವೆ ಎಲ್ಲೋ ನಿಲ್ಲುತ್ತದೆ. ಉದ್ದದ ಕತೆ ಬೇರೆ. ಅದೇ ದಪ್ಪದ ಸುರುಳಿಯನ್ನು ಎರಡರಷ್ಟು ಉದ್ದ ಮಾಡಿದರೆ ತೂಕ ಇಮ್ಮಡಿಯಾಗುತ್ತದೆ, ಬೇಯುವ ಹೊತ್ತು ಬಹುತೇಕ ಹಾಗೆಯೇ ಉಳಿಯುತ್ತದೆ. ಪೌಂಡಿಗೆ ಇಷ್ಟು ನಿಮಿಷ ಎಂಬ ಲೆಕ್ಕ ಇಲ್ಲಿ ದಾರಿ ತಪ್ಪಿಸುವುದು ಇದಕ್ಕಾಗಿಯೇ. ಕೇಳಬೇಕಾದ ಪ್ರಶ್ನೆ ತೂಕದ್ದಲ್ಲ, ಮೈಯಿಂದ ನಡುವಿಗಿರುವ ದೂರದ್ದು. ಮೂರು ಸೆಂಟಿಮೀಟರಿನ ಕೈಮಾ ಉಂಡೆ ಕುದಿಯುವ ಸಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ನಡುವಿನವರೆಗೂ ಬೇಯುತ್ತದೆ, ಏಕೆಂದರೆ ದೂರ ಚಿಕ್ಕದು, ಮೈಗೆ ತಾಗಿರುವುದು ಗಾಳಿಯಲ್ಲ, ನೀರು.

ಹಾಗಿದ್ದರೆ ಇನ್ನೂ ಕಡಿಮೆ ಕಾವಿನಲ್ಲಿ, 70 80 ಡಿಗ್ರಿಯಲ್ಲಿ, ದಿನವಿಡೀ ಹೊಗೆಯಾಡಿಸಿದರೆ ಇನ್ನಷ್ಟು ಹದ ಬರುವುದಿಲ್ಲವೇ ಎಂದು ಕೇಳಬಹುದು. ಬ್ರಿಸ್ಕೆಟ್‌ನಂಥ ಇಡೀ ತುಂಡಿನ ವಿಷಯದಲ್ಲಿ ನಿಧಾನಕ್ಕೆ ಅರ್ಥವಿದೆ. ಅಲ್ಲಿ ಗಟ್ಟಿ ಕೊಲ್ಯಾಜನ್ ಕರಗಿ ಜೆಲಾಟಿನ್ ಆಗಲು ಗಂಟೆಗಟ್ಟಲೆ ಬೇಕು. ಕೈಮಾದಲ್ಲಿ ಆ ಕೆಲಸವನ್ನು ಯಂತ್ರದ ಅಲಗು ಮೊದಲೇ ಮಾಡಿ ಮುಗಿಸಿರುತ್ತದೆ. ನಿಧಾನದಿಂದ ಸಿಗುವ ಲಾಭ ಕಡಿಮೆ, ನಷ್ಟ ದೊಡ್ಡದು. 4ರಿಂದ 60 ಡಿಗ್ರಿ ನಡುವಿನ ಕಾವು ಬ್ಯಾಕ್ಟೀರಿಯಗಳಿಗೆ ಸುಗ್ಗಿ. ಮಾಂಸದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಗಂಟೆಗೆ ಆರು ಇಮ್ಮಡಿ ಎಂದರೆ ಒಂದಿದ್ದದ್ದು 64. ಸುರುಳಿಯ ನಡುಭಾಗ ಈ ವಲಯವನ್ನು ನಾಲ್ಕು ಗಂಟೆಯೊಳಗೆ ದಾಟಬೇಕು ಎಂಬ ರೂಢಿ ಬಾರ್ಬೆಕ್ಯೂ ಮಾಡುವವರಲ್ಲಿ ಗಟ್ಟಿಯಾಗಿದೆ. ಸ್ಮೋಕರ್ 107 ಡಿಗ್ರಿಗಿಂತ ಕೆಳಗಿಳಿಯಬಾರದು, ಸುರುಳಿ ತೀರ ದಪ್ಪವಾಗಬಾರದು ಎಂಬ ಎರಡು ಕಟ್ಟಳೆಗಳೂ ಇದರಿಂದಲೇ ಹುಟ್ಟುತ್ತವೆ. ಬೇಕನ್ ಹೊದಿಕೆ ಗರಿಯಾಗಲೂ ಹೆಚ್ಚು ಕಾವೇ ಬೇಕು; 110 ಡಿಗ್ರಿಯಲ್ಲಿ ಅದು ರಬ್ಬರಿನಂತೆ ಜಗ್ಗುತ್ತದೆ, ಕೊನೆಯಲ್ಲಿ ಕಾವು ಏರಿಸಿದರೆ ಗರಿಗೂಡುತ್ತದೆ.

ಇಷ್ಟರಲ್ಲಿ ಹೊಗೆ ಮಾಡುವ ಕೆಲಸವೇನು? ಸೌದೆ ಬಿಸಿಯಾದಾಗ ಅದರ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ಒಡೆದು ಸಿಹಿ ವಾಸನೆಯ, ಬಣ್ಣ ಕೊಡುವ ಕಾರ್ಬನಿಲ್ ಸಂಯುಕ್ತಗಳಾಗುತ್ತವೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲುಗಳಾಗುತ್ತದೆ. ನಾವು ಹೊಗೆಯ ರುಚಿ, ಹೊಗೆಯ ಪರಿಮಳ ಎನ್ನುವುದು ಮುಖ್ಯವಾಗಿ ಇವನ್ನೇ. ಹಿಕರಿ, ಓಕ್, ಸೇಬಿನ ಮರ, ಚೆರಿ ಮರ ಇವುಗಳ ನಡುವಿನ ಅಂತರಕ್ಕಿಂತ ಬೆಂಕಿಗೆ ಸಾಕಷ್ಟು ಗಾಳಿ ಸಿಕ್ಕಿದೆಯೇ ಎಂಬುದು ರುಚಿಯನ್ನು ಹೆಚ್ಚು ನಿರ್ಧರಿಸುತ್ತದೆ. ತೆಳು ನೀಲಿ ಹೊಗೆ ಹಿತ, ದಟ್ಟ ಬಿಳಿ ಹೊಗೆ ಕಹಿ. ಈ ಕಣಗಳೆಲ್ಲ ಬಂದು ಕೂರುವುದು ಮೈಯ ಮೇಲೆ, ಒಳಗಿಳಿದರೂ ಕೆಲವು ಮಿಲಿಮೀಟರ್ ಮಾತ್ರ. ಹೊಗೆಯಲ್ಲಿರುವ ಫೀನಾಲುಗಳು, ಆಮ್ಲಗಳು, ಫಾರ್ಮಾಲ್ಡಿಹೈಡ್ ಬ್ಯಾಕ್ಟೀರಿಯವನ್ನು ತಡೆಯುವುದು ನಿಜ, ಆದರೆ ಅವು ಇರುವಲ್ಲಿ ಮಾತ್ರ. ಇಡೀ ತುಂಡಿನಲ್ಲಿ ಹೊಗೆ ಮತ್ತು ಬ್ಯಾಕ್ಟೀರಿಯ ಒಂದೇ ಜಾಗದಲ್ಲಿ ಎದುರಾಗುತ್ತವೆ. ಕೈಮಾ ಸುರುಳಿಯಲ್ಲಿ ಹೊಗೆ ಹೊರಗೆ ಉಳಿಯುತ್ತದೆ, ಬ್ಯಾಕ್ಟೀರಿಯ ನಡುವೆ ಇರುತ್ತದೆ. ಅವೆರಡೂ ಭೇಟಿಯಾಗುವುದೇ ಇಲ್ಲ.

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ. ಹೊಗೆಯಲ್ಲಿಟ್ಟ ಮಾಂಸ ತಿಂಗಳುಗಟ್ಟಲೆ ಕೆಡದೆ ಉಳಿದ ಉದಾಹರಣೆ ಜಗತ್ತಿನ ಎಲ್ಲೆಡೆ ಇದೆಯಲ್ಲ, ಕೊಡಗಿನಲ್ಲೂ ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಒಣಗಿಸಿದ ಹಂದಿಮಾಂಸವಿದೆಯಲ್ಲ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಮಾಂಸವನ್ನು ಉಳಿಸುವುದು ಮುಖ್ಯವಾಗಿ ಉಪ್ಪು ಮತ್ತು ಒಣಗುವಿಕೆ. ಅದನ್ನು ಪಟ್ಟಿಗಳಾಗಿ ಕೊಯ್ದು, ಉಪ್ಪು ಸವರಿ, ದಿನಗಟ್ಟಲೆ ತೂಗುಹಾಕುವುದರಿಂದ ನೀರು ಇಂಗಿ ಬ್ಯಾಕ್ಟೀರಿಯಗಳಿಗೆ ಬದುಕಲು ಬೇಕಾದ ತೇವವೇ ಇಲ್ಲವಾಗುತ್ತದೆ. ಹೊಗೆ ಮೇಲ್ಮೈಯನ್ನು ಕಾಯುತ್ತದೆ, ಕೊಬ್ಬು ಕಮಟಾಗದಂತೆ ನೋಡಿಕೊಳ್ಳುತ್ತದೆ. ಮೂರು ಗಂಟೆ ಹೊಗೆಯಲ್ಲಿದ್ದು ರಸ ತುಂಬಿಕೊಂಡೇ ಹೊರಬರುವ ಸುರುಳಿಗೆ ಆ ರಕ್ಷಣೆ ಯಾವುದೂ ಇಲ್ಲ. ಎರಡಕ್ಕೂ ಹೊಗೆ ಸಾಮಾನ್ಯ ಎಂಬ ಕಾರಣಕ್ಕೆ ಒಂದರ ಬಾಳಿಕೆಯನ್ನು ಇನ್ನೊಂದಕ್ಕೆ ಆರೋಪಿಸಲಾಗದು. ಮಿಕ್ಕ ಸುರುಳಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು.

ಎರಡನೆಯ ಆಕ್ಷೇಪ ಅನುಭವಿಗಳದು: ಬಣ್ಣ ನೋಡಿದರೆ, ರಸ ನೋಡಿದರೆ ಬೆಂದದ್ದು ತಿಳಿಯುತ್ತದೆ, ಥರ್ಮಾಮೀಟರ್ ಯಾಕೆ? ಅನುಭವಕ್ಕೆ ಬೆಲೆಯಿದೆ, ಆದರೆ ಕೈಮಾದಲ್ಲಿ ಬಣ್ಣ ಎರಡೂ ಕಡೆ ತಪ್ಪು ಹೇಳುತ್ತದೆ. ಮಾಂಸದ ಕೆಂಪಿಗೆ ಕಾರಣವಾದ ಮಯೋಗ್ಲೋಬಿನ್ ಗಾಳಿಗೆ ಒಡ್ಡಿ ಹಳತಾದಷ್ಟೂ ಕಡಿಮೆ ಕಾವಿನಲ್ಲೇ ಕಂದಾಗುತ್ತದೆ. ಕೊಚ್ಚಿದ ಮಾಂಸದ ಮೂಲೆಮೂಲೆಗೂ ಗಾಳಿ ತಾಗಿರುತ್ತದೆ. ಸುರಕ್ಷಿತ ಕಾವು ಮುಟ್ಟುವ ಮೊದಲೇ ನಾಲ್ಕರಲ್ಲಿ ಒಂದು ಹ್ಯಾಂಬರ್ಗರ್ ಒಳಗೆ ಕಂದಾಗಿಬಿಡುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆ ಎಚ್ಚರಿಸುತ್ತದೆ. ಹೊಗೆಯ ಒಲೆಯಲ್ಲಿ ಇದರ ತದ್ವಿರುದ್ಧವೂ ನಡೆಯುತ್ತದೆ. ಉರಿಯಿಂದ ಏಳುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಮಯೋಗ್ಲೋಬಿನ್ನಿಗೆ ಅಂಟಿ, ಎಷ್ಟು ಬೇಯಿಸಿದರೂ ಮಾಸದ ಗುಲಾಬಿ ಬಣ್ಣ ಕೊಡುತ್ತವೆ. ಹೊಗೆಯ ಉಂಗುರ ಎಂದು ಬಾರ್ಬೆಕ್ಯೂ ಪ್ರಿಯರು ಮೆಚ್ಚುವುದು ಅದನ್ನೇ. ಬೇಕನ್ನಿನ ನೈಟ್ರೈಟ್ ಕೂಡ ಹತ್ತಿರದ ಮಾಂಸವನ್ನು ಹಾಗೆಯೇ ಗುಲಾಬಿಯಾಗಿಸಬಲ್ಲದು. ಬೇಯದೆ ಕಂದು, ಬೆಂದೂ ಗುಲಾಬಿ ಎಂದಾಗುವ ಕಡೆ ಕಣ್ಣು ಸಾಕ್ಷಿಯಾಗಲಾರದು.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಬ್ಯಾಕ್ಟೀರಿಯವನ್ನು ಕೊಲ್ಲುವುದು ಕಾವು ಒಂದೇ ಅಲ್ಲ, ಕಾವು ಮತ್ತು ಹೊತ್ತು ಎರಡೂ ಸೇರಿ. ಕೃಷಿ ಇಲಾಖೆಯದೇ ಕೋಷ್ಟಕದ ಪ್ರಕಾರ ಗೋಮಾಂಸದಲ್ಲಿ ಸಾಲ್ಮೊನೆಲ್ಲಾ ನಾಶಕ್ಕೆ 60 ಡಿಗ್ರಿಯಲ್ಲಿ 12 ನಿಮಿಷ, 63ರಲ್ಲಿ 4 ನಿಮಿಷ ಸಾಕು. 70ರಲ್ಲಿ ಮುಟ್ಟಿದ ಕ್ಷಣವೇ ಸಾಕು. ಸ್ಮೋಕರ್‌ನಲ್ಲಿ ಸುರುಳಿಯ ನಡುಭಾಗ ನಿಧಾನವಾಗಿ ಏರುವುದರಿಂದ 65 ದಾಟುವಷ್ಟರಲ್ಲೇ ಕೆಲಸ ಮುಗಿದಿರಬೇಕಲ್ಲವೇ? ಸಮನಾದ ಮಾಂಸದ ಕಂಬವೊಂದನ್ನು ಪ್ರಯೋಗಾಲಯದಲ್ಲಿಟ್ಟರೆ ಈ ವಾದ ನಿಲ್ಲುತ್ತದೆ. ಆದರೆ ಫ್ಯಾಟಿ ಸಮನಾದ ಕಂಬವಲ್ಲ. ಫ್ರಿಜ್ಜಿನಿಂದ ಬಂದ ಚೀಸಿನ ಗಟ್ಟಿ ಒಂದು ಕಡೆ, ಒದ್ದೆ ತರಕಾರಿ ಇನ್ನೊಂದು ಕಡೆ, ಸುತ್ತುವಾಗ ಸಿಕ್ಕಿಬಿದ್ದ ಗಾಳಿ ಮತ್ತೊಂದು ಕಡೆ. ಎಲ್ಲಕ್ಕಿಂತ ತಣ್ಣಗಿರುವ ಬಿಂದು ಎಲ್ಲಿದೆ ಎಂದು ಹೊರಗಿನಿಂದ ಹೇಳಲಾಗದು. ಥರ್ಮಾಮೀಟರ್ ಚುಚ್ಚಿದಲ್ಲಿ 65 ಇದ್ದು, ಎರಡು ಸೆಂಟಿಮೀಟರ್ ಆಚೆ 57 ಇದ್ದರೆ ಕೋಷ್ಟಕ ಕಾಪಾಡುವುದಿಲ್ಲ. ಕೊಬ್ಬು ಹೆಚ್ಚಿದ್ದಷ್ಟೂ ಬ್ಯಾಕ್ಟೀರಿಯ ಕಾವನ್ನು ಹೆಚ್ಚು ತಾಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. 74 ಎಂಬ ಅಂಕಿ ಈ ಅನಿಶ್ಚಿತತೆಗೆ ಕೊಡುವ ಬೆಲೆ. ಎರಡು ಮೂರು ಕಡೆ, ಮಾಂಸದಲ್ಲೂ ಹೂರಣದಲ್ಲೂ, ಚುಚ್ಚಿ ನೋಡಿ, ಸಿಕ್ಕ ಅಂಕಿಗಳಲ್ಲಿ ಅತಿ ಕಡಿಮೆಯದನ್ನು ನಂಬುವುದು ಸರಿಯಾದ ಕ್ರಮ.

ಅಷ್ಟು ಬೇಯಿಸಿದರೆ ಮಾಂಸ ಒಣಗುವುದಿಲ್ಲವೇ ಎಂಬುದು ರುಚಿಯ ಕಡೆಯ ಆಕ್ಷೇಪ. ಇಡೀ ತುಂಡಿನಲ್ಲಿ 66 ಡಿಗ್ರಿಯಿಂದ ಮುಂದೆ ಆಕ್ಟಿನ್ ಎಂಬ ಪ್ರೋಟೀನು ಕುಗ್ಗಿ, ಉದ್ದ ನಾರುಗಳು ನೀರನ್ನು ಹಿಂಡಿ ಹೊರಹಾಕುತ್ತವೆ; ಹಂದಿಯ ಕೊಬ್ಬಿಲ್ಲದ ತುಂಡು 74ಕ್ಕೆ ನಿಜಕ್ಕೂ ಒಣಗುತ್ತದೆ. ಕೈಮಾದಲ್ಲಿ ನಾರುಗಳು ಕತ್ತರಿಸಿ ಗಿಡ್ಡವಾಗಿವೆ, ಬಿಟ್ಟ ನೀರನ್ನು ಮಯೋಸಿನ್ ಜಾಲ ಹಿಡಿದಿಡುತ್ತದೆ, ಕೊಬ್ಬಿನ ಕಣಗಳು ಕರಗಿ ಬಾಯಿಗೆ ರಸವಾಗಿ ಬರುತ್ತವೆ. ಕೊಬ್ಬು ಕಾಲು ಭಾಗದಷ್ಟಿರುವ ಸಾಸೇಜ್ ಮಾಂಸವನ್ನೇ ಇದಕ್ಕೆ ಬಳಸುವುದರ ಹಿಂದಿನ ಬುದ್ಧಿ ಇದು. ಹೆಚ್ಚು ಬೇಯಿಸುವುದನ್ನು ಅನಿವಾರ್ಯವಾಗಿಸಿದ ಕೊಚ್ಚುವಿಕೆಯೇ ಹೆಚ್ಚು ಬೇಯುವುದನ್ನು ತಾಳುವ ಗುಣವನ್ನೂ ಕೊಟ್ಟಿದೆ.

ಆರೋಗ್ಯದ ಪ್ರಶ್ನೆಯನ್ನು ಮರೆಮಾಚಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೇಕನ್, ಸಾಸೇಜ್ ಎರಡೂ ಅದರಲ್ಲಿ ಬರುತ್ತವೆ. ಕೊಬ್ಬು ನೇರವಾಗಿ ಕೆಂಡಕ್ಕೆ ತೊಟ್ಟಿಕ್ಕಿದರೆ ಬೆಂಜೊಪೈರೀನ್‌ನಂಥ ಹಾನಿಕರ ಸಂಯುಕ್ತಗಳು ಹೊಗೆಯೊಂದಿಗೆ ಏರಿ ಮಾಂಸದ ಮೈಗೆ ಅಂಟುತ್ತವೆ. ಬೆಂಕಿಯನ್ನು ಪಕ್ಕಕ್ಕಿಟ್ಟು, ಸುರುಳಿಯ ಕೆಳಗೆ ತಟ್ಟೆಯಿಟ್ಟು ಕೊಬ್ಬು ಹಿಡಿದರೆ ಅವು ಕಡಿಮೆಯಾಗುತ್ತವೆ. ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಇದು ಅಪರೂಪದ ಹಬ್ಬದೂಟಕ್ಕೆ ಸರಿ, ವಾರವಾರದ ಊಟಕ್ಕಲ್ಲ.

ಈ ಎಲ್ಲವನ್ನೂ ಒಟ್ಟಿಗೆ ನೋಡಿದರೆ, ಫ್ಯಾಟಿಯ ಕಟ್ಟಳೆಗಳು ಬಾಯಿಪಾಠ ಮಾಡಬೇಕಾದ ಬಿಡಿ ಸೂಚನೆಗಳಾಗಿ ಉಳಿಯುವುದಿಲ್ಲ. ತಣ್ಣಗೆ ನಾದು, ತರಕಾರಿ ಬಾಡಿಸು, ದಪ್ಪ ಮಾಡಬೇಡ, ಕಾವು ಇಳಿಸಬೇಡ, ಹೊಗೆಯನ್ನೂ ಬಣ್ಣವನ್ನೂ ನಂಬಬೇಡ, ನಡುವಿನ ಕಾವು ಅಳೆ ಎಂಬ ಮಾತುಗಳೆಲ್ಲ ಮಾಂಸದ ಹೊರಮೈ ಒಳಗೆ ಹೋಯಿತು ಎಂಬ ಒಂದೇ ಸಂಗತಿಯಿಂದ ಹುಟ್ಟಿವೆ. ಕಾರಣ ತಿಳಿದವರು ಸೂಚನೆಗಳನ್ನು ದಾಟಿ ಹೋಗಬಲ್ಲರು: ಹಂದಿಯ ಬದಲು ಕುರಿ ಕೈಮಾ, ಚೆಡ್ಡರ್ ಬದಲು ಪನೀರು, ಹಿಕರಿಯ ಬದಲು ಮಾವಿನ ಸೌದೆ ಬಳಸಿದರೂ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಅವರೇ ತರ್ಕಿಸಬಲ್ಲರು. ಕುರಿ ಕೈಮಾದಲ್ಲಿ ಕೊಬ್ಬು ಕಡಿಮೆಯಿದ್ದರೆ ಬೇರೆ ಕೊಬ್ಬು ಸೇರಿಸಬೇಕು, ಸುರುಳಿ ತೆಳುವಾದರೆ ಹೊತ್ತು ಕಡಿಮೆ ಮಾಡಬೇಕು. 74 ಡಿಗ್ರಿ ಮಾತ್ರ ಬದಲಾಗದು, ಏಕೆಂದರೆ ಅದು ಯಾವ ಪ್ರಾಣಿ, ಯಾವ ಸೌದೆ, ಯಾವ ದೇಶ ಎಂಬುದನ್ನು ಅವಲಂಬಿಸಿಲ್ಲ. ಮಾಂಸವನ್ನು ಕೊಚ್ಚಿ, ತುಂಬಿ, ಸುತ್ತಿದ್ದೇವೆ ಎಂಬುದನ್ನಷ್ಟೇ ಅವಲಂಬಿಸಿದೆ.